ಬ್ಯಾಕ್ಟೀರಿಯಾಕ್ಕೆ ಹಾಸ್ಟೆಲ್ ಗೇಟಿನ ಟೈಮ್ ಗೊತ್ತಾಗಲ್ಲ

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲ್ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಪಿಎಚ್‌.ಡಿ. ಮಾಡುವ ಹುಡುಗಿಯರು ರಾತ್ರಿ ಒಂಬತ್ತು ಗಂಟೆಗೂ ಕ್ಯಾಂಪಸ್ಸಿನ ರಸ್ತೆಯಲ್ಲಿ ಕಾಣಿಸುತ್ತಾರೆ, ಕ್ಯಾಂಟೀನ್ ಮುಂದೆ ಹುಡುಗರ ಜೊತೆ ಟೀ ಕುಡಿಯುತ್ತಾ ನಿಂತಿರುತ್ತಾರೆ, ಗೇಟನ್ನು ಎಂಟಕ್ಕೇ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಅವರು ಬರೆದಿದ್ದರು. ಕೆಟ್ಟ ಮನಸ್ಸಿನಿಂದ ಬರೆದಿದ್ದಾರೆ ಅಂತ ನನಗೇನೂ ಅನಿಸಲಿಲ್ಲ. ಆದರೆ ಲ್ಯಾಬಿನ ಒಳಗೆ ಏನು ನಡೆಯುತ್ತದೆ ಅನ್ನೋದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ. ನಾನು ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಬಯೋಕೆಮಿಸ್ಟ್ರಿ (ಜೀವರಸಾಯನ ಶಾಸ್ತ್ರ) ವಿಭಾಗದಲ್ಲಿ ಎಂ.ಎಸ್ಸಿ. ಓದಿ, ಅಲ್ಲೇ ಪಿಎಚ್‌.ಡಿ. ಮುಗಿಸಿದವಳು. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹಾಗಾಗಿ ಒಂದು ಉತ್ತರ ಬರೆಯಲೇಬೇಕು ಅನಿಸಿತು. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

ಪ್ರೋಟೀನ್ ಶುದ್ಧ ಮಾಡುವ ಕೆಲಸವನ್ನೇ ತೆಗೆದುಕೊಳ್ಳಿ. ಬಯೋಕೆಮಿಸ್ಟ್ರಿಯಲ್ಲಿ ಇದು ದಿನನಿತ್ಯದ ಕೆಲಸ. ನಮಗೆ ಬೇಕಾದ ಪ್ರೋಟೀನಿನ ಜೀನನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಒಳಗೆ ಸೇರಿಸಿರುತ್ತೇವೆ. ಹಿಂದಿನ ದಿನ ಸಂಜೆಯೇ ಒಂದು ಚಿಕ್ಕ ಟ್ಯೂಬಿನಲ್ಲಿ ಅದನ್ನು ಬೆಳೆಯೋಕೆ ಇಡಬೇಕು. ಬೆಳಿಗ್ಗೆ ಅದರಲ್ಲಿ ಸ್ವಲ್ಪ ತೆಗೆದು ದೊಡ್ಡ ಫ್ಲಾಸ್ಕಿಗೆ ಹಾಕಿ, 37 ಡಿಗ್ರಿಯಲ್ಲಿ, ಸದಾ ಅಲುಗಾಡಿಸುವ ಶೇಕರ್ ಮೇಲೆ ಇಡಬೇಕು. ಎಲ್ಲ ಸರಿಯಿದ್ದರೆ ಅದು ಹೆಚ್ಚುಕಡಿಮೆ 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಆಗಾಗ ಒಂದಿಷ್ಟು ತೆಗೆದು ಓ.ಡಿ., ಅಂದರೆ ಬ್ಯಾಕ್ಟೀರಿಯಾ ಬೆಳೆದು ದ್ರವ ಎಷ್ಟು ಮಸುಕಾಗಿದೆ ಅನ್ನುವ ಅಳತೆ, ನೋಡುತ್ತಿರಬೇಕು. ಓ.ಡಿ. 0.6ರ ಆಸುಪಾಸಿಗೆ ಬಂದಾಗ ಐಪಿಟಿಜಿ ಎಂಬ ರಾಸಾಯನಿಕ ಹಾಕಿದರೆ ಬ್ಯಾಕ್ಟೀರಿಯಾ ನಮ್ಮ ಪ್ರೋಟೀನ್ ತಯಾರಿಸಲು ಶುರುಮಾಡುತ್ತದೆ. ಅದಕ್ಕೆ ಇನ್ನೂ ಮೂರು-ನಾಲ್ಕು ಗಂಟೆ. ಕೆಲವು ಪ್ರೋಟೀನುಗಳು 37 ಡಿಗ್ರಿಯಲ್ಲಿ ಸುಮ್ನೆ ಮುದ್ದೆಗಟ್ಟಿಬಿಡುತ್ತವೆ, ಅವನ್ನು 16-18 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಸಬೇಕು. ಮಧ್ಯೆ ಅರ್ಧ ಗಂಟೆ ಕರೆಂಟ್ ಹೋಗಿ ಶೇಕರ್ ನಿಂತರೆ ಅಂದಿನ ಲೆಕ್ಕವೆಲ್ಲ ಹಿಂದಕ್ಕೆ.

ಇಷ್ಟಾಗುವಾಗ ಸಂಜೆ ನಾಲ್ಕೋ ಐದೋ ಆಗಿರುತ್ತದೆ. ಅಸಲಿ ಕೆಲಸ ಶುರುವಾಗೋದು ಆಗ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಬ್ಯಾಕ್ಟೀರಿಯಾವನ್ನು ತಳಕ್ಕೆ ಕೂರಿಸಬೇಕು, ಐಸ್ ಮೇಲಿಟ್ಟು ಸೋನಿಕೇಟರಿನಲ್ಲಿ ಶಬ್ದದ ಅಲೆಗಳಿಂದ ಅದರ ಕೋಶ ಒಡೆಯಬೇಕು. ಕೋಶ ಒಡೆದ ಕ್ಷಣದಿಂದಲೇ ಅದರೊಳಗಿನ ಪ್ರೋಟಿಯೇಸ್ ಕಿಣ್ವಗಳು ನಮ್ಮ ಪ್ರೋಟೀನನ್ನು ಕತ್ತರಿಸಿ ಹಾಕಲು ಶುರುಮಾಡುತ್ತವೆ. ಅವನ್ನು ತಡೆಯೋಕೆ ಪಿಎಂಎಸ್‌ಎಫ್ ಎಂಬ ರಾಸಾಯನಿಕ ಹಾಕುತ್ತೇವೆ. ಆದರೆ ಅದು ನೀರಿನಲ್ಲಿ ಜಾಸ್ತಿ ಹೊತ್ತು ಉಳಿಯುವ ವಸ್ತುವಲ್ಲ. ಪಿಎಚ್ 8ರ ಬಫರಿನಲ್ಲಿ (ಆಮ್ಲ-ಕ್ಷಾರದ ಮಟ್ಟ ಏರುಪೇರಾಗದಂತೆ ಹಿಡಿದಿಡುವ ದ್ರಾವಣ), ಹೊರಗಿನ ಬಿಸಿಯಲ್ಲಿ ಇಟ್ಟರೆ ಅರ್ಧ ಗಂಟೆ ದಾಟುವಷ್ಟರಲ್ಲಿ ಅರ್ಧದಷ್ಟು ಹೋಗಿರುತ್ತದೆ. ಅದಕ್ಕೇ ಎಲ್ಲವನ್ನೂ ತಣ್ಣಗಿಟ್ಟು ಬೇಗ ಬೇಗ ಕಾಲಂ, ಅಂದರೆ ನಮ್ಮ ಪ್ರೋಟೀನನ್ನು ಉಳಿದವುಗಳಿಂದ ಬೇರ್ಪಡಿಸುವ ಕೊಳವೆಯ ಮೇಲೆ ಹಾಕಬೇಕು. ಕಾಲಂ ಇರುವುದು 4 ಡಿಗ್ರಿಯ ಕೋಲ್ಡ್ ರೂಮಿನಲ್ಲಿ. ಏಪ್ರಿಲ್ ಬಿಸಿಲಿನಲ್ಲಿ ಊರೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರೆ ನಾವು ಸ್ವೆಟರ್, ಕಾಲುಚೀಲ ಹಾಕಿಕೊಂಡು ಅಲ್ಲಿ ಹನಿ ಹನಿ ಬೀಳೋದನ್ನು ಟ್ಯೂಬಿಗೆ ಹಿಡಿಯುತ್ತಾ ನಿಂತಿರುತ್ತೇವೆ. ಆಮೇಲೆ ಡಯಾಲಿಸಿಸ್, ಅಂದರೆ ಪ್ರೋಟೀನನ್ನು ತೆಳು ಪೊರೆಯ ಚೀಲದಲ್ಲಿಟ್ಟು ಬೇಡದ ಲವಣ ತೆಗೆಯೋದು. ಕೆಲವು ಗಂಟೆಗೊಮ್ಮೆ ಬಫರ್ ಬದಲಿಸಬೇಕು. ಆಮೇಲೆ ಜೆಲ್ ಓಡಿಸಿ, ಅಂದರೆ ವಿದ್ಯುತ್ ಹರಿಸಿ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಗೆರೆಗಳಾಗಿ ಬೇರೆ ಮಾಡಿ, ನಮ್ಮ ಪ್ರೋಟೀನ್ ಇದೆಯಾ ಇಲ್ಲವಾ ನೋಡಬೇಕು.

ಇದರ ಮಧ್ಯೆ ಏಳು ಮುಕ್ಕಾಲಿಗೆ ಕೈ ತೊಳೆದುಕೊಂಡು ಹಾಸ್ಟೆಲಿಗೆ ಓಡಿಹೋಗೋದು ಅಂದರೆ ಹಾಲು ಒಲೆಯ ಮೇಲಿಟ್ಟು ಮನೆಗೆ ಬೀಗ ಹಾಕಿಕೊಂಡು ಹೋದ ಹಾಗೆ. ಮಾರನೇ ದಿನ ಜೆಲ್ ಮೇಲೆ ಒಂದು ನೇರ ಗೆರೆಯ ಬದಲು ಚೂರುಚೂರಾದ ಹತ್ತು ಗೆರೆ ಕಾಣುತ್ತವೆ. ಎರಡು ದಿನದ ಕೆಲಸ, ಅಷ್ಟು ದುಡ್ಡಿನ ಕೆಮಿಕಲ್, ಎಲ್ಲ ಸಿಂಕಿಗೆ.

ಇನ್ನು ಯಂತ್ರಗಳ ವಿಷಯ. ರಾಜ್ಯದ ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿ ದೊಡ್ಡ ಯಂತ್ರಗಳು ಸಾಮಾನ್ಯವಾಗಿ ಒಂದೊಂದೇ ಇರುತ್ತವೆ. ಎಲ್ಲರಿಗೂ ಅದೇ ಒಂದು ದೊಡ್ಡ ಸೆಂಟ್ರಿಫ್ಯೂಜ್, ಅದೇ ಒಂದು ಎಚ್‌ಪಿಎಲ್‌ಸಿ (ಮಿಶ್ರಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ). ಪಕ್ಕದಲ್ಲಿ ದಾರ ಕಟ್ಟಿದ ಪೆನ್ನಿನ ಜೊತೆ ಒಂದು ಲಾಗ್ ಬುಕ್ ಇರುತ್ತದೆ. ನಾನಿದ್ದ ವಿಭಾಗದಲ್ಲಿ ಆ ಪುಸ್ತಕ ತೆರೆದರೆ ಹಗಲಿನ ಹೊತ್ತೆಲ್ಲ ಪ್ರೊಫೆಸರ್‌ಗಳ ಪ್ರಾಜೆಕ್ಟಿನವರು, ಥೀಸಿಸ್ ಬರೆಯುವ ಅವಸರದಲ್ಲಿದ್ದ ಸೀನಿಯರ್‌ಗಳು ಹಿಡಿದಿರುತ್ತಿದ್ದರು. ಖಾಲಿ ಇರುತ್ತಿದ್ದದ್ದು ರಾತ್ರಿ ಎಂಟರ ಮೇಲೆ. ಆ ಹೊತ್ತಿಗೆ ಬರೆದಿದ್ದ ಹೆಸರುಗಳೆಲ್ಲ ಹುಡುಗರವು. ಹುಡುಗಿಯರಿಗೆ ಕೆಲಸ ಮಾಡುವ ಮನಸ್ಸಿರಲಿಲ್ಲ ಅಂತಲ್ಲ, ಹಾಸ್ಟೆಲ್ ಬಾಗಿಲು ಅಷ್ಟೊತ್ತಿಗೆ ಹಾಕಿಯಾಗಿರುತ್ತಿತ್ತು. ಹುಡುಗರ ಹಾಸ್ಟೆಲಿಗೂ ಹೆಸರಿಗೆ ಒಂದು ಟೈಮ್ ಇತ್ತು. ಅದನ್ನು ಕೇಳಿದವರನ್ನು ನಾನಂತೂ ನೋಡಲಿಲ್ಲ.

ಪರ್ಮಿಷನ್ ತಗೊಂಡು ಇರಬಹುದಲ್ವಾ ಅಂತ ನೀವು ಕೇಳಬಹುದು. ಇತ್ತು, ಪರ್ಮಿಷನ್ ಇತ್ತು. ಒಂದು ಪತ್ರ ಬರೆಯಬೇಕು. ಅದಕ್ಕೆ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಗೈಡ್ ಸಹಿ, ವಿಭಾಗದ ಅಧ್ಯಕ್ಷರ ಸಹಿ, ಆಮೇಲೆ ವಾರ್ಡನ್ ಸಹಿ, ಎಲ್ಲ ಆಫೀಸು ಮುಚ್ಚುವ ಮೊದಲೇ ಆಗಬೇಕು. ಸಂಜೆ ನಾಲ್ಕಕ್ಕೆ ನನಗೇನು ಗೊತ್ತು ನನ್ನ ಕಾಲಂ ರಾತ್ರಿ ಒಂಬತ್ತಕ್ಕೆ ಕಟ್ಟಿಕೊಳ್ಳುತ್ತದೆ ಅಂತ? ಅಧ್ಯಕ್ಷರು ಆವತ್ತು ಬೆಂಗಳೂರಿಗೆ ಮೀಟಿಂಗಿಗೆ ಹೋಗಿದ್ದರೆ ಅಲ್ಲಿಗೆ ಮುಗೀತು. ಇಷ್ಟೆಲ್ಲ ಆಗಿ ತಡವಾಗಿ ಹೋದರೆ ಬಾಗಿಲಲ್ಲಿ ಒಂದು ರಿಜಿಸ್ಟರ್, ಅದರ ಜೊತೆಗೆ ಮನೆಗೊಂದು ಫೋನ್. ನನ್ನ ಜೊತೆಯ ಹುಡುಗಿಯೊಬ್ಬಳ ಅಪ್ಪನಿಗೆ ಹಳ್ಳಿಯಲ್ಲಿ ರಾತ್ರಿ ಹತ್ತಕ್ಕೆ ಹೀಗೊಂದು ಫೋನ್ ಹೋಯಿತು. ನಿಮ್ಮ ಮಗಳು ಇನ್ನೂ ಬಂದಿಲ್ಲ ಅಂತ ಅಷ್ಟೇ ಹೇಳಿ ಇಟ್ಟಿದ್ದರು. ಆ ಮನುಷ್ಯ ಗಾಬರಿಬಿದ್ದು ಇವಳಿಗೆ ಫೋನ್ ಮಾಡಿ, "ಏನಾಯ್ತವ್ವಾ, ಎಲ್ಲಿದೀಯ?" ಅಂದರು. ಇವಳು ಕೋಲ್ಡ್ ರೂಮಿನಲ್ಲಿದ್ದಳು. "ಕೆಲಸ ಮಾಡ್ತಾ ಇದೀನಪ್ಪಾ" ಅಂದರೆ ಅವರಿಗೆ ನಂಬಿಕೆ ಬಂತು, ಹೆದರಿಕೆ ಹೋಗಲಿಲ್ಲ. ಆಮೇಲೆ ಅವಳು ರಾತ್ರಿಯ ಕೆಲಸವನ್ನೇ ಬಿಟ್ಟಳು.

ಆ ಟೀ ವಿಷಯಕ್ಕೆ ಬರುತ್ತೇನೆ. ಆ ಪತ್ರ ಬರೆದ ಓದುಗರಿಗೆ ಜಾಸ್ತಿ ಚುಚ್ಚಿದ್ದು ಅದೇ ಅಲ್ವಾ.

ಒಂದು ವಿಭಾಗದಲ್ಲಿ ಪಾಠ ನಡೆಯುವುದು ಕ್ಲಾಸ್ ರೂಮಿನಲ್ಲಿ ಮಾತ್ರ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಗ್ಲೈಕಾಲಿಸಿಸ್, ಕ್ರೆಬ್ಸ್ ಚಕ್ರ, ಕಿಣ್ವದ ಲೆಕ್ಕ, ಇವೆಲ್ಲ ಕ್ಲಾಸಿನಲ್ಲಿ ಆಗುತ್ತವೆ, ನಿಜ. ಲೌರಿ ವಿಧಾನದಲ್ಲಿ ಪ್ರೋಟೀನ್ ಅಳೆಯೋದು, ಆಲೂಗಡ್ಡೆಯಿಂದ ಫಾಸ್ಫಟೇಸ್ ತೆಗೆಯೋದು, ಉಗುಳಿನ ಅಮೈಲೇಸ್, ಇವು ಪ್ರಾಕ್ಟಿಕಲ್‌ನಲ್ಲಿ ಆಗುತ್ತವೆ. ಆದರೆ ಜೆಲ್ ಯಾಕೆ ಸೋರುತ್ತಿದೆ, ಯಾವ ಕಂಪನಿಯ ಕೆಮಿಕಲ್ ನಂಬಬಾರದು, ಸೋನಿಕೇಟರಿನ ಸದ್ದು ಹೇಗೆ ಬದಲಾದರೆ ನೊರೆ ಬರುತ್ತಿದೆ ಅಂತ ಅರ್ಥ, ಫ್ರೀಜರಿನ ಯಾವ ಮೂಲೆಯಲ್ಲಿ ಇಟ್ಟರೆ ಸ್ಯಾಂಪಲ್ ಉಳಿಯುತ್ತದೆ, ವಿದೇಶದ ಪ್ರೊಫೆಸರಿಗೆ ಪೋಸ್ಟ್‌ಡಾಕ್ (ಪಿಎಚ್‌.ಡಿ. ನಂತರದ ಸಂಶೋಧನಾ ಕೆಲಸ) ಕೇಳಿ ಮೇಲ್ ಬರೆಯುವಾಗ ಮೊದಲ ಸಾಲಿನಲ್ಲಿ ಏನಿರಬೇಕು, ಹೊರಗಿನಿಂದ ಬರುವ ಯಾವ ಪರೀಕ್ಷಕರು ವೈವಾದಲ್ಲಿ (ಮೌಖಿಕ ಪರೀಕ್ಷೆ) ಯಾವ ಪ್ರಶ್ನೆ ಬಿಡದೆ ಕೇಳುತ್ತಾರೆ, ಇದನ್ನೆಲ್ಲ ಯಾವ ಸಿಲೆಬಸ್ಸೂ ಹೇಳಿಕೊಡಲ್ಲ. ಸೀನಿಯರ್‌ಗಳು ಹೇಳಿಕೊಡುತ್ತಾರೆ. ಅದೂ ಸೆಂಟ್ರಿಫ್ಯೂಜ್ ತಿರುಗುತ್ತಿರುವ ನಲವತ್ತು ನಿಮಿಷದಲ್ಲಿ, ಬೈಟು ಟೀ ಹಿಡಿದುಕೊಂಡು. ಹಗಲಿನಲ್ಲಿ ಯಾರಿಗೂ ಪುರುಸೊತ್ತಿರಲ್ಲ. ಒಬ್ಬರು ಅಟೆಂಡರ್ ಹಿಂದೆ, ಒಬ್ಬರು ಬಿಲ್ಲಿನ ಹಿಂದೆ, ಇನ್ನೊಬ್ಬರು ಎಂ.ಎಸ್ಸಿ. ಮಕ್ಕಳ ಪ್ರಾಕ್ಟಿಕಲ್ ಹಿಂದೆ ಓಡಾಡುತ್ತಿರುತ್ತಾರೆ.

ಹಗಲಿನ ಸಂತೋಷಗಳೂ ಇದ್ದವು, ಇಲ್ಲ ಅನ್ನಲ್ಲ. ಆಯುಧ ಪೂಜೆಯ ದಿನ ಸೆಂಟ್ರಿಫ್ಯೂಜಿಗೆ, ಆಟೋಕ್ಲೇವಿಗೆ ಕುಂಕುಮ ಹಚ್ಚಿ ಚೆಂಡು ಹೂವಿನ ಹಾರ ಹಾಕುತ್ತಿದ್ದೆವು. ಇಡೀ ವರ್ಷ ಕೈಕೊಟ್ಟ ಪಿಎಚ್ ಮೀಟರಿಗೆ ಒಂದು ಹೂವು ಜಾಸ್ತಿ. ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತಿದ್ದರು, ಕಡಲೆಪುರಿ ಹಂಚುತ್ತಿದ್ದರು, ದೇವರೇ ಇಲ್ಲ ಅನ್ನುವ ಪ್ರೊಫೆಸರೂ ಬಂದು ನಿಂತು ಮಂಗಳಾರತಿ ತಗೊಳ್ಳುತ್ತಿದ್ದರು. ಯಾರದ್ದಾದರೂ ಪೇಪರ್ ಸ್ವೀಕಾರವಾದರೆ ಮೈಸೂರು ಪಾಕ್. ವೈವಾ ದಿನ ವಿಭಾಗಕ್ಕೆಲ್ಲ ಊಟ, ಖರ್ಚು ಪಿಎಚ್‌.ಡಿ. ಪಡೆಯುವವರದ್ದೇ (ಈ ಪದ್ಧತಿ ನಿಂತರೆ ಒಳ್ಳೇದು, ಪಾಪ ಫೆಲೋಶಿಪ್ ಮುಗಿದು ಎಷ್ಟೋ ದಿನ ಆದಮೇಲೆ ವೈವಾ ಬರುತ್ತದೆ). ಯಾರೋ ಜೆಲ್ ಮಾಡಲು ಬಳಸುವ ಅಕ್ರಿಲಮೈಡ್ ಇಟ್ಟ ಫ್ರಿಜ್ಜಿನಲ್ಲೇ ಮೊಸರನ್ನದ ಡಬ್ಬಿ ಇಟ್ಟು ಬೈಸಿಕೊಳ್ಳುವುದು, ಇವೆಲ್ಲ ಇದ್ದೇ ಇದ್ದವು. ಅಕ್ರಿಲಮೈಡ್ ನರಗಳಿಗೆ ವಿಷ. ಬೈಯೋದೇ ಸರಿ.

ಆದರೆ ಇದು ಎಲ್ಲರಿಗೂ ಸಿಗುತ್ತಿದ್ದ ಹಗಲು. ರಾತ್ರಿಯ ಆ ಟೀ ಎಲ್ಲರಿಗೂ ಸಿಗುತ್ತಿರಲಿಲ್ಲ. ಯಾರ ಪ್ರಯೋಗ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಗೊತ್ತಾಗುತ್ತಿದ್ದದ್ದು ಅಲ್ಲೇ. "ನೀನು ಆ ಅಸ್ಸೇ (ಪರೀಕ್ಷೆ) ಮಾಡಿಕೊಡು, ಪೇಪರಿನಲ್ಲಿ ನಿನ್ನ ಹೆಸರೂ ಹಾಕೋಣ" ಅನ್ನುವ ಮಾತು ಅಲ್ಲೇ ಆಗುತ್ತಿತ್ತು. ನಮಗೆ ಅದು ತಿಳಿಯುತ್ತಿದ್ದದ್ದು ಪೇಪರ್ ಅಚ್ಚಾದ ಮೇಲೆ. ಹುಡುಗರೇನೂ ಬೇಕೂಂತ ನಮ್ಮನ್ನು ಬಿಟ್ಟಿರಲಿಲ್ಲ. ನಾವು ಅಲ್ಲಿ ಇರಲಿಲ್ಲ, ಅಷ್ಟೇ.

ಇದರ ಮುಂದಿನ ಪರಿಣಾಮ ಇನ್ನೂ ಕೆಟ್ಟದ್ದು. ಗೈಡ್‌ಗಳು ಬುದ್ಧಿವಂತರು, ಯಾವ ಕೆಲಸ ಯಾರಿಂದ ಆಗುತ್ತದೆ ಅಂತ ಲೆಕ್ಕ ಹಾಕುತ್ತಾರೆ. ರಾತ್ರಿ ನಿಲ್ಲಬೇಕಾದ ಪ್ರೋಟೀನ್ ಕೆಲಸ ಹುಡುಗನಿಗೆ. ಐದು ಗಂಟೆಯೊಳಗೆ ಮುಗಿಯುವ ಸಸ್ಯದ ಸಾರ ತೆಗೆಯುವ ಕೆಲಸ, ಇಲ್ಲವೇ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ ಹುಡುಗಿಗೆ. "ನಿನಗೇ ಅನುಕೂಲ ಅಂತ ಕೊಟ್ಟಿದ್ದೀನಮ್ಮ" ಅನ್ನುತ್ತಾರೆ. ಅವರು ಹೇಳೋದರಲ್ಲಿ ಸುಳ್ಳಿಲ್ಲ, ಅದೇ ಬೇಜಾರು. ಆ ಕೆಲಸಗಳೂ ಒಳ್ಳೆಯ ಕೆಲಸಗಳೇ. ಆದರೆ ಆಯ್ಕೆ ಮಾಡಿದ್ದು ಹಾಸ್ಟೆಲಿನ ಗೇಟು. ಐದು ವರ್ಷ ಆದಮೇಲೆ ಕೆಲಸದ ಸಂದರ್ಶನದಲ್ಲಿ, ನಿನಗೆ ಪ್ರೋಟೀನ್ ಶುದ್ಧ ಮಾಡಿ ಅನುಭವ ಇದೆಯಾ ಅಂತ ಕೇಳುವವರಿಗೆ ಈ ಗೇಟಿನ ಕಥೆ ಹೇಳೋಕಾಗುತ್ತದಾ?

ಈಗ ಒಂದು ಹಳೆಯ ಸಂಗತಿ ನೆನಪಿಸಬೇಕು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಯೋಕೆಮಿಸ್ಟ್ರಿ ವಿಭಾಗ ಶುರುವಾದದ್ದು 1921ರಲ್ಲಿ. 1933ರಲ್ಲಿ ಬೊಂಬಾಯಿಯಿಂದ ಕಮಲಾ ಭಾಗವತ್ ಎಂಬ ಹುಡುಗಿ ಅಲ್ಲಿಗೆ ಅರ್ಜಿ ಹಾಕಿದರು. ಮುಂದೆ ಕಮಲಾ ಸೊಹೊನಿ ಅಂತ ಹೆಸರಾದವರು ಇವರೇ. ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲು ಬಂದಿದ್ದರೂ, ಆಗಿನ ನಿರ್ದೇಶಕ ಸಿ.ವಿ. ರಾಮನ್ ಹೆಣ್ಣು ಎಂಬ ಒಂದೇ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಆಕೆ ಬೆಂಗಳೂರಿಗೇ ಬಂದು ಪಟ್ಟು ಹಿಡಿದರು. ಕೊನೆಗೆ ಷರತ್ತಿನ ಮೇಲೆ ಒಳಗೆ ಬಿಟ್ಟರು: ಮೊದಲ ಒಂದು ವರ್ಷ ಪರೀಕ್ಷಾರ್ಥ, ನಿರ್ದೇಶಕರಿಗೆ ಕೆಲಸ ಮೆಚ್ಚಿಗೆಯಾಗುವವರೆಗೆ ಮಾನ್ಯತೆ ಇಲ್ಲ, ಗಂಡಸರ ಗಮನ ಕೆಡಿಸಬಾರದು, ಗೈಡ್ ಹೇಳಿದರೆ ರಾತ್ರಿ ಎಷ್ಟೇ ಹೊತ್ತಾದರೂ ಕೆಲಸ ಮಾಡಬೇಕು. ಆಕೆ ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿದರು. ಆಮೇಲೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ, ಕೋಶಗಳ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಸಸ್ಯಗಳ ಅಂಗಾಂಶದಲ್ಲೂ ಇದೆ ಅಂತ ತೋರಿಸಿ 1939ರಲ್ಲಿ ಪಿಎಚ್‌.ಡಿ. ಪಡೆದರು. ವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಅಂತ ಅವರನ್ನು ಕರೆಯುತ್ತಾರೆ. ಆ ಒಂದು ವರ್ಷ ಅವರ ಕೆಲಸ ನೋಡಿದ ಮೇಲೆಯೇ ರಾಮನ್ ಬೇರೆ ಹುಡುಗಿಯರಿಗೂ ಬಾಗಿಲು ತೆಗೆದದ್ದು.

ಅಂದು ರಾತ್ರಿ ಕೆಲಸ ಮಾಡಲೇಬೇಕು ಅನ್ನೋದು ಷರತ್ತು. ಇಂದು ಮಾಡಲೇಬಾರದು ಅನ್ನೋದು ಷರತ್ತು. ಎರಡು ಸಲವೂ ಅವಳನ್ನು ಒಂದು ಮಾತು ಕೇಳಿದವರಿಲ್ಲ.

ನಾನೇನೋ ಹೊಸದಾಗಿ ಸ್ವಾತಂತ್ರ್ಯ ಕೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಯಮ ಆಗಲೇ ಇದೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದಿಂದ ಕ್ಯಾಂಪಸ್ಸಿನಲ್ಲಿ ಹೆಣ್ಣುಮಕ್ಕಳ ಸುರಕ್ಷತೆಯ ಕುರಿತ ಸಕ್ಷಮ್ ವರದಿ ಬಂದದ್ದು 2013ರಲ್ಲಿ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಯುವ ಯುಜಿಸಿಯ 2015ರ ನಿಯಮಾವಳಿಯಲ್ಲಿ ಇದು ಸ್ಪಷ್ಟವಾಗಿ ಇದೆ: ಸುರಕ್ಷತೆಯ ಕಾರಣ ಕೊಟ್ಟು ಹಾಸ್ಟೆಲ್‌ಗಳಲ್ಲಿ ಹುಡುಗರಿಗೆ ಇಲ್ಲದ ತಾರತಮ್ಯದ ನಿಯಮವನ್ನು ಹುಡುಗಿಯರ ಮೇಲೆ ಹೇರಬಾರದು, ಅವರ ಓಡಾಟಕ್ಕೆ ಅಡ್ಡಿ ಮಾಡಬಾರದು. ಪಕ್ಕದ ಕೇರಳದಲ್ಲಿ ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನ ಹುಡುಗಿಯರು 2022ರಲ್ಲಿ ಇದೇ ವಿಷಯಕ್ಕೆ ಹೈಕೋರ್ಟಿಗೆ ಹೋದರು. ಆಮೇಲೆ ಸರ್ಕಾರ ಹುಡುಗರಿಗೂ ಹುಡುಗಿಯರಿಗೂ ಒಂದೇ ಸಮಯ ಅಂತ ಆದೇಶ ಹೊರಡಿಸಬೇಕಾಯಿತು. ನಮ್ಮಲ್ಲಿ ಈ ನಿಯಮದ ನಕಲು ಪ್ರತಿಯೊಂದು ರಿಜಿಸ್ಟ್ರಾರ್ ಕಚೇರಿಯ ಯಾವುದೋ ಫೈಲಿನಲ್ಲಿ ಇದ್ದೇ ಇರುತ್ತದೆ. ಅದನ್ನು ಯಾರಾದರೂ ತೆಗೆದು ಓದಬೇಕು.

ಇನ್ನೊಂದು ತಮಾಷೆ ನೋಡಿ. 2022ರ ಯುಜಿಸಿ ಪಿಎಚ್‌.ಡಿ. ನಿಯಮದಲ್ಲಿ ಸಾಮಾನ್ಯ ಅವಧಿ ಮೂರರಿಂದ ಆರು ವರ್ಷ. ಮಹಿಳೆಯರಿಗೆ ಎರಡು ವರ್ಷ ಹೆಚ್ಚುವರಿ ವಿನಾಯಿತಿ ಕೊಡಬಹುದು. ಒಳ್ಳೆಯ ನಿಯಮ, ಮದುವೆ-ಮಕ್ಕಳು ಆದವರಿಗೆ ಬೇಕೇ ಬೇಕು. ಆದರೆ ಫೆಲೋಶಿಪ್ ಐದೇ ವರ್ಷ. ಜೆಆರ್‌ಎಫ್ (ರಾಷ್ಟ್ರಮಟ್ಟದ ಪರೀಕ್ಷೆ ಪಾಸಾದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್) ಇದ್ದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಐದು ವರ್ಷ ಮುಗಿದ ಮೇಲೆ ಏನೂ ಇಲ್ಲ. ರಾತ್ರಿಯ ಹೊತ್ತು ಕಳೆದುಕೊಂಡು ಆರು, ಏಳು ವರ್ಷಕ್ಕೆ ಎಳೆದ ಹುಡುಗಿ ಆ ಕೊನೆಯ ವರ್ಷಗಳನ್ನು ಮನೆಯಿಂದ ದುಡ್ಡು ತರಿಸಿಕೊಂಡು ಕಳೆಯಬೇಕು. ಜೆಆರ್‌ಎಫ್ ಇಲ್ಲದವರ ಪಾಡಂತೂ ಕೇಳಲೇಬೇಡಿ.

ರಾತ್ರಿಯಿಡೀ ಲ್ಯಾಬಿನಲ್ಲಿ ಬಿದ್ದಿರುವುದೇ ಸಂಶೋಧನೆ ಅಂತ ನಾನು ಹೇಳುತ್ತಿಲ್ಲ. ಹಾಗೆ ತಿಳಿದಿರುವ ಗೈಡ್‌ಗಳು ಇದ್ದಾರೆ. ಹತ್ತು ಗಂಟೆಗೆ ಒಂದು ಸುತ್ತು ಬಂದು ಯಾರ ಕುರ್ಚಿ ಖಾಲಿ ಇದೆ ಅಂತ ನೋಡಿ ಹೋಗುವವರು. ಅದು ಬೇರೆಯದೇ ರೋಗ, ಅದರಿಂದ ಹುಡುಗರಿಗೂ ಸಾಕಾಗಿಹೋಗಿದೆ. ನಾನು ಕೇಳುತ್ತಿರುವುದು ಇಷ್ಟೇ, ಕೆಲಸ ಇದ್ದ ದಿನ ಇರೋಕೆ ಬಿಡಿ, ಇಲ್ಲದ ದಿನ ಅವಳೇ ಹೋಗಿ ಮಲಗುತ್ತಾಳೆ. ಇಪ್ಪತ್ತೈದು-ಮೂವತ್ತು ವರ್ಷದವಳು. ಓಟು ಹಾಕುತ್ತಾಳೆ, ಎಂ.ಎಸ್ಸಿ. ಮಕ್ಕಳಿಗೆ ಪಾಠ ಮಾಡುತ್ತಾಳೆ, ಒಂದು ಹನಿ ತಾಗಿದರೆ ಕೈ ಸುಡುವ ಆಮ್ಲಗಳನ್ನು ನಂಬಿ ಅವಳ ಕೈಗೆ ಕೊಟ್ಟಿರುತ್ತೀರಿ.

ಸುರಕ್ಷತೆಯ ಮಾತು ಸುಳ್ಳಲ್ಲ, ಅದನ್ನು ತಳ್ಳಿಹಾಕಲ್ಲ. ನಾನಿದ್ದ ಕ್ಯಾಂಪಸ್ಸಿನಲ್ಲಿ ವಿಭಾಗದಿಂದ ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ಅರ್ಧದಷ್ಟು ಕಂಬಗಳಲ್ಲಿ ದೀಪ ಇರಲಿಲ್ಲ. ನಾಯಿಗಳ ಹಿಂಡು ಬೇರೆ. ನಿಜ ಹೇಳಬೇಕೆಂದರೆ ನನಗೆ ಮನುಷ್ಯರಿಗಿಂತ ನಾಯಿಗಳದ್ದೇ ಹೆದರಿಕೆ ಜಾಸ್ತಿ. ಆದರೆ ದೀಪ ಇಲ್ಲದ ರಸ್ತೆಗೆ ಮದ್ದು ದೀಪ ಹಾಕಿಸೋದು. ಎಂಟರಿಂದ ಮಧ್ಯರಾತ್ರಿವರೆಗೆ ಗಂಟೆಗೊಮ್ಮೆ ಲ್ಯಾಬ್‌ಗಳಿಂದ ಹಾಸ್ಟೆಲ್‌ಗಳಿಗೆ ಒಂದು ಗಾಡಿ ಓಡಿಸಲಿ. ಹುಡುಗರೂ ಅದರಲ್ಲೇ ಹೋಗಲಿ. ವಿಭಾಗದ ಬಾಗಿಲಲ್ಲಿ ರಾತ್ರಿ ಕಾವಲಿನವರು ಎಚ್ಚರವಾಗಿರಲಿ, ಯಾರು ಒಳಗಿದ್ದಾರೆ ಅಂತ ಹುಡುಗ-ಹುಡುಗಿ ಎನ್ನದೆ ಎಲ್ಲರ ಹೆಸರೂ ಬರೆದುಕೊಳ್ಳಲಿ. ರಾತ್ರಿ ಹೊತ್ತು ಒಬ್ಬರೇ ಆಮ್ಲ, ದ್ರವ ಸಾರಜನಕದ ಜೊತೆ ಕೆಲಸ ಮಾಡಬಾರದು, ಕನಿಷ್ಠ ಇಬ್ಬರಿರಬೇಕು ಅನ್ನುವ ನಿಯಮ ತರಲಿ. ಇದು ಗಂಡಸರ ಜೀವಕ್ಕೂ ಒಳ್ಳೆಯದು. ಇನ್ನು ಮನೆಗೆ ಫೋನ್ ಮಾಡುವ ಪದ್ಧತಿ ಸಂಶೋಧನಾ ವಿದ್ಯಾರ್ಥಿಗಳ ಮಟ್ಟಿಗೆ ಇವತ್ತೇ ನಿಲ್ಲಲಿ. ಅದಕ್ಕೆ ಬಜೆಟ್ಟೂ ಬೇಡ, ಸಿಂಡಿಕೇಟ್ ಸಭೆಯೂ ಬೇಡ.

ಬೇಸಿಗೆ ಮುಗಿಯುತ್ತಿದ್ದಂತೆ ವಿಶ್ವವಿದ್ಯಾಲಯಗಳು ಹೊಸ ವರ್ಷದ ಹಾಸ್ಟೆಲ್ ಅರ್ಜಿ ಛಾಪಿಸುತ್ತವೆ. ಅದರ ಹಿಂದೆ ಚಿಕ್ಕ ಅಕ್ಷರದಲ್ಲಿ ಹೆಣ್ಣುಮಕ್ಕಳ ಸಮಯದ ಬಗ್ಗೆ ಒಂದು ಸಾಲು ಇರುತ್ತದೆ. ಪಿಎಚ್‌.ಡಿ. ವಿದ್ಯಾರ್ಥಿನಿಯರ ಮಟ್ಟಿಗಾದರೂ ಈ ಸಲ ಆ ಸಾಲನ್ನು ತೆಗೆಯಲಿ ಎಂದು ಕುಲಪತಿಗಳನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಪಿಎಚ್‌.ಡಿ. ಪ್ರವೇಶ ಪರೀಕ್ಷೆ ಬರೆದು ಕೂತಿದ್ದಾರೆ. ಎಲ್ಲಿ ಸೇರಲಿ ಮೇಡಂ ಅಂತ ಫೋನ್ ಮಾಡುತ್ತಾರೆ. ಮೊದಲೆಲ್ಲ ಗೈಡ್ ಯಾರು, ಯಾವ ವಿಷಯ, ಯಾವ ಯಂತ್ರ ಇದೆ ಅಂತ ಕೇಳುತ್ತಿದ್ದೆ. ಈಗ ಹಾಸ್ಟೆಲಿನ ಬಾಗಿಲು ಎಷ್ಟು ಗಂಟೆಗೆ ಹಾಕುತ್ತಾರೆ ಅನ್ನೋದನ್ನು ಮೊದಲು ವಿಚಾರಿಸಿಕೊಂಡು ಬಾ ಅನ್ನುತ್ತಿದ್ದೇನೆ.

ಇಂತಿ,
ಬಯೋಕೆಮಿಸ್ಟ್ರಿ ಉಪನ್ಯಾಸಕಿ, ಹಾಸನ ಜಿಲ್ಲೆ